ಸಮಕ್ಕೆ ಬಿದ್ದ ಚಕ್ರ

ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗದಂತೆ ವಿಮಾನ ಇಳಿದರೆ ಒಳಗೆ ಕೆಲವರು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯ ಬಗ್ಗೆ ನನ್ನದೊಂದು ತಕರಾರಿದೆ. ಹಿಂದೂಸ್ತಾನಿ ಬೈಠಕ್ಕಿನಲ್ಲಿ ಕೂತ ರಸಿಕ ತಾನದ ನಯಕ್ಕೇ ಮರುಳಾಗುವುದಿಲ್ಲ. ಎಷ್ಟು ಸುತ್ತಾಡಿದರೂ ಗಾಯಕ ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬಂದು ಬಿದ್ದನೇ ಎಂದು ನೋಡುತ್ತಾನೆ. ಪೈಲಟ್‌ಗೂ ಅಂಥ ಸಮವೊಂದಿದೆ. ದೊಡ್ಡ ರನ್‌ವೇಗಳಲ್ಲಿ ತುದಿಯಿಂದ ಸುಮಾರು 400 ಮೀಟರ್ ಒಳಗೆ ಬಳಿದ ಎರಡು ದಪ್ಪ ಬಿಳಿ ಪಟ್ಟಿಗಳೇ ಅವನ ಗುರಿ.

ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಆ ಪಟ್ಟಿಗೆ ಬರುವ ದಾರಿಯೇ ಸೊಗಸು. ನಾಲ್ಕು ಕಿಲೋಮೀಟರ್ ಉದ್ದದ ಎರಡು ಸಮಾನಾಂತರ ರನ್‌ವೇ, ಅವುಗಳತ್ತ ಸಾಲುಗಟ್ಟಿ ಬರುವ ವಿಮಾನಗಳು. ದಿಕ್ಕು, ಎತ್ತರ, ವೇಗ ಎಲ್ಲವನ್ನೂ ನಿಯಂತ್ರಣದವರು ಹೇಳುತ್ತಾರೆ. ಪೈಲಟ್ ಅದನ್ನೇ ತಿರುಗಿ ಒಪ್ಪಿಸುತ್ತಾನೆ. ಮುಂದಿನದು ಭಾರೀ ವಿಮಾನವಾದರೆ ಅದರ ರೆಕ್ಕೆತುದಿ ಎಬ್ಬಿಸಿದ ಸುಳಿಗಾಳಿ ತಗ್ಗುವಷ್ಟು ಅಂತರ ಬಿಡಬೇಕು. ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟರೆ ಹಿಂದಿನ ಸಾಲೆಲ್ಲ ತಡ. ಮೂರು ಡಿಗ್ರಿಯ ಇಳಿಜಾರು ಹಿಡಿದು, ಕಿಲೋಮೀಟರಿಗೆ ಐವತ್ತು ಮೀಟರಿನ ಹಾಗೆ ಇಳಿಯುತ್ತ, ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಇದೆಲ್ಲ ನಡೆಯಬೇಕು. ನಿಲ್ದಾಣವಿರುವ ದೇವನಹಳ್ಳಿಯ ಚಳಿಗಾಲದ ಮಂಜು ಬೇರೆ.

ಮಂಗಳೂರಿನಲ್ಲಿ ಸಾಲು ಚಿಕ್ಕದು, ಆದರೆ ನೆಲ ಗುಡ್ಡದ ನೆತ್ತಿ, ರನ್‌ವೇ 2,450 ಮೀಟರ್. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅರ್ಧಕ್ಕೂ ಹೆಚ್ಚು ರನ್‌ವೇ ದಾಟಿ ನೆಲ ಮುಟ್ಟಿತು. ಉಳಿದ ನೆಲ ನಿಲ್ಲಲು ಸಾಲದೆ ಅಂಚಿನಾಚೆ ಉರುಳಿತು, 158 ಜನ ತೀರಿಕೊಂಡರು. ಮಳೆಯಲ್ಲಂತೂ ಮೆತ್ತಗೆ ತೇಲಿಸಿ ಇಳಿಸುವುದು ಜಾಣತನವಲ್ಲ. ಧಪ್ಪೆಂದು ಕೂತರೆ ಚಕ್ರ ನೀರನ್ನು ಸೀಳಿ ನೆಲ ಹಿಡಿಯುತ್ತದೆ, ರೆಕ್ಕೆಯ ಮೇಲಿನ ಹಲಗೆಗಳು ಎದ್ದು ಭಾರವನ್ನು ಚಕ್ರಕ್ಕೆ ಒತ್ತುತ್ತವೆ, ಬ್ರೇಕು ಕಚ್ಚುತ್ತದೆ. ನನ್ನ ಚಪ್ಪಾಳೆ ಆ ಧಪ್ಪಿಗೆ.

ಕಲಬುರಗಿಯ ಮೋಮಿನಪುರದ ನಮ್ಮ ಗಲ್ಲಿಯವರಿಗೆ ವಿಮಾನ ಅಂದರೆ ಊರಾಚೆಯ ಶ್ರೀನಿವಾಸ ಸರಡಗಿಯ ನಿಲ್ದಾಣ. 2019ರ ನವೆಂಬರ್ 22ರಂದು ಶುರುವಾದ ಆ ನಿಲ್ದಾಣದ ರನ್‌ವೇ 3,175 ಮೀಟರ್, ಮಂಗಳೂರಿನದಕ್ಕಿಂತ ಉದ್ದ. ವಿಮಾನಗಳು ಮಾತ್ರ ಬೆರಳೆಣಿಕೆ! ಹಾಗಾಗಿಯೇ ಪೈಲಟ್ ಆಗಲಿರುವ ಹುಡುಗ ಹುಡುಗಿಯರಿಗೆ ಅದು ಹೇಳಿಮಾಡಿಸಿದ ಅಖಾಡ. ಪುಟ್ಟ ವಿಮಾನದ ಚಕ್ರ ಮುಟ್ಟಿಸಿ ಮತ್ತೆ ಹಾರುತ್ತಾರೆ, ಮತ್ತೆ ಸುತ್ತಿ ಬರುತ್ತಾರೆ.

ಇಳಿಯದೇ ಏರಿಹೋಗುವುದೂ ಕಲಿಯಬೇಕಾದ ವಿದ್ಯೆಯೇ. ಒಮ್ಮೆ ಬೆಂಗಳೂರಿನಲ್ಲಿ ನೆಲ ಇನ್ನೇನು ಸಿಕ್ಕಿತು ಅನ್ನುವಾಗ ಎಂಜಿನ್ ಮೊರೆದು, ಮೂತಿ ಮೇಲಾಯಿತು. “ಇಳಸಲಿಕ್ಕ ಬರಂಗಿಲ್ಲೇನ್ರಿ ಇವಂಗ?” ಎಂದು ಪಕ್ಕದ ಸೀಟಿನ ಹಿರಿಯರು ಸಿಡುಕಿದರು. ಮುಂದೆ ಇಳಿದಿದ್ದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲ.