ಅಂತರ್ದೃಷ್ಟಿಯೂ ಪ್ರಮಾಣವೂ

ವಿಜ್ಞಾನಕ್ಕೂ ಅಧ್ಯಾತ್ಮಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮಲ್ಲಿ ನಡೆಯುವ ವಾದವು ಸಾಮಾನ್ಯವಾಗಿ ಎರಡು ಪಕ್ಷಗಳಲ್ಲಿ ನಿಂತುಹೋಗುತ್ತದೆ. ಈಚಿನವರು ಕಂಡುಹಿಡಿದುದೆಲ್ಲವೂ ನಮ್ಮ ಋಷಿಗಳಿಗೆ ಮೊದಲೇ ತಿಳಿದಿದ್ದಿತೆಂಬುದು ಒಂದು ಪಕ್ಷ. ಅಳತೆಗೂ ತೂಕಕ್ಕೂ ಸಿಕ್ಕದುದು ಇಲ್ಲವೇ ಇಲ್ಲವೆಂಬುದು ಇನ್ನೊಂದು. ಇವರಿಬ್ಬರೂ ಒಬ್ಬರನ್ನೊಬ್ಬರು ಎಷ್ಟು ಜರೆದರೂ ಒಂದಂಶದಲ್ಲಿ ಒಡಹುಟ್ಟಿದವರೇ ಸರಿ. ಅರಿವಿಗೆ ಒಂದೇ ಬಾಗಿಲೆಂದು ಇಬ್ಬರೂ ತಿಳಿದಿದ್ದಾರೆ. ಈ ವಿಚಾರವನ್ನು ಬರಿಯ ಮಾತಿನಲ್ಲಿ ಬೆಳೆಸುವುದಕ್ಕಿಂತ ಎರಡು ಗ್ರಂಥಗಳನ್ನು ಎದುರಿಗಿಟ್ಟುಕೊಂಡು ನೋಡುವುದು ಲೇಸು. ಒಂದು, ನಮ್ಮ ನಾಡಿನಲ್ಲಿಯೇ ಹುಟ್ಟಿದ 'ವೈಮಾನಿಕ ಶಾಸ್ತ್ರ'. ಇನ್ನೊಂದು, ಆಸ್ಟ್ರಿಯ ದೇಶದ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ೧೯೪೪ರಲ್ಲಿ ಪ್ರಕಟಿಸಿದ 'ವಾಟ್ ಈಸ್ ಲೈಫ್?', ಅಂದರೆ 'ಜೀವವೆಂದರೇನು?' ಎಂಬ ಪುಸ್ತಕ. ಎರಡರಲ್ಲಿಯೂ ಭೌತವಿದ್ಯೆಯ ಪ್ರಸಂಗವಿದೆ. ಎರಡರಲ್ಲಿಯೂ ಅಂತರ್ದೃಷ್ಟಿಗೆ ಸ್ಥಾನವಿದೆ. ಆ ಸ್ಥಾನವು ಯಾವುದು ಎಂಬುದರಲ್ಲಿಯೇ ಈ ಗ್ರಂಥಗಳ ತಾರತಮ್ಯವು ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯ ಗ್ರಂಥದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಇದನ್ನು ಬಾಯಿಂದ ಹೇಳಿದರು. ವೆಂಕಟಾಚಲ ಶರ್ಮರು ಬರೆದುಕೊಂಡರು. ಭರದ್ವಾಜ ಮಹರ್ಷಿಗಳು ರಚಿಸಿದ 'ಯಂತ್ರಸರ್ವಸ್ವ'ವೆಂಬ ಮಹಾಗ್ರಂಥದ ಒಂದು ಭಾಗವಿದೆಂದೂ, ತಮಗೆ ಅಂತರ್ದೃಷ್ಟಿಯಿಂದ ಗೋಚರಿಸಿತೆಂದೂ ಶಾಸ್ತ್ರಿಗಳ ಹೇಳಿಕೆ. ಅವರ ಸೂಚನೆಯಂತೆ ಬೆಂಗಳೂರಿನ ನಕ್ಷೆಗಾರರೊಬ್ಬರು ವಿಮಾನಗಳ ಚಿತ್ರಗಳನ್ನೂ ಬರೆದುಕೊಟ್ಟರು. ೧೯೭೩ರಲ್ಲಿ ಮೈಸೂರಿನ ಜಿ. ಆರ್. ಜೋಶಿಯರ್ ಅವರು ಮೂಲವನ್ನು ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಹಾಕಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ವಿಮಾನಗಳು, ಅವುಗಳಿಗೆ ಬೇಕಾದ ಲೋಹಗಳು, ದರ್ಪಣಗಳು, ನಡೆಸುವವನ ಆಹಾರ, ಅವನ ಉಡುಪು, ಅವನು ಅರಿತಿರಬೇಕಾದ ಮೂವತ್ತೆರಡು ರಹಸ್ಯಗಳು ಇವೆಲ್ಲವೂ ಅದರಲ್ಲಿ ವರ್ಣಿತವಾಗಿವೆ. ಶಾಸ್ತ್ರಿಗಳು ಬಡತನದಲ್ಲಿ ಬಾಳಿದವರು, ಧನವನ್ನಾಗಲಿ ಕೀರ್ತಿಯನ್ನಾಗಲಿ ಬಯಸಿದವರಲ್ಲ. ಆದುದರಿಂದ ಅವರ ಪ್ರಾಮಾಣಿಕತೆಯನ್ನು ಇಲ್ಲಿ ಶಂಕಿಸುತ್ತಿಲ್ಲ. ಪ್ರಾಮಾಣಿಕನ ಮಾತೆಲ್ಲವೂ ಪ್ರಮಾಣವಾಗುವುದೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಅಚ್ಚಾದ ಮರುವರ್ಷವೇ, ೧೯೭೪ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು, ಎಚ್. ಎಸ್. ಮುಕುಂದ ಮೊದಲಾದವರು, ಈ ಗ್ರಂಥವನ್ನು ಪರೀಕ್ಷಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಅವರು ಓದದೆಯೇ ನಕ್ಕವರಲ್ಲ. ಗ್ರಂಥವು ಹೇಳಿದ ಆಕಾರವನ್ನೂ ಅಳತೆಯನ್ನೂ ತೂಕವನ್ನೂ ಹಾಗೆಯೇ ಅಂಗೀಕರಿಸಿ, ಅಂತಹ ಯಂತ್ರವು ಗಾಳಿಯಲ್ಲಿ ನಿಲ್ಲಬಲ್ಲುದೇ ಎಂದು ಗಣಿಸಿ ನೋಡಿದರು. ನಿಲ್ಲದು ಎಂಬುದೇ ಫಲಿತಾಂಶ. ಮುಂದಕ್ಕೆ ನೂಕಬೇಕಾದ ಏರ್ಪಾಟು ಕೆಲವೆಡೆಗಳಲ್ಲಿ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುವಂತಿದೆಯೆಂದೂ ಅವರು ತೋರಿಸಿದರು. ಭಾಷೆಯನ್ನು ಪರಿಶೀಲಿಸಿ, ಅದು ವೈದಿಕವಲ್ಲ, ಈಚಿನ ಸುಲಭ ಸಂಸ್ಕೃತವೆಂದೂ, ಗ್ರಂಥವು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದೂ ನಿರ್ಣಯಿಸಿದರು. ರೈಟ್ ಸಹೋದರರು ಅಮೆರಿಕದಲ್ಲಿ ಮೊದಲು ಹಾರಿದುದು ೧೯೦೩ರ ಡಿಸೆಂಬರಿನಲ್ಲಿ. ಇಷ್ಟಾದರೂ ೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ೧೦೨ನೆಯ ಅಧಿವೇಶನದಲ್ಲಿ ಈ ಗ್ರಂಥವು ಮತ್ತೊಮ್ಮೆ ಆಧಾರವಾಗಿ ನಿಂತಿತು.

ಯಂತ್ರಶಾಸ್ತ್ರಜ್ಞರ ತೀರ್ಪು ಹಾಗಿರಲಿ. ಸಂಸ್ಕೃತವನ್ನು ಓದಿದವರ ದೃಷ್ಟಿಯಿಂದಲೂ ಒಂದು ಮಾತನ್ನು ಹೇಳಬಹುದು. ನಮ್ಮಲ್ಲಿ ಶಾಸ್ತ್ರವೆನ್ನಿಸಿಕೊಂಡ ಗ್ರಂಥವು ಒಂಟಿಯಾಗಿ ಬದುಕಿದುದಿಲ್ಲ. ಆರ್ಯಭಟನು ೪೯೯ರಲ್ಲಿ ಬರೆದ ಪುಸ್ತಕವನ್ನು ೬೨೮ರಲ್ಲಿ ಬ್ರಹ್ಮಗುಪ್ತನು ಕಟುವಾಗಿ ಖಂಡಿಸಿದನು; ಅದರ ಮರುವರ್ಷವೇ ಒಂದನೆಯ ಭಾಸ್ಕರನು ಅದಕ್ಕೆ ಭಾಷ್ಯವನ್ನು ಬರೆದನು; ಸುಮಾರು ೧೫೦೦ರಲ್ಲಿ ಕೇರಳದ ನೀಲಕಂಠನು ಮತ್ತೆ ವ್ಯಾಖ್ಯಾನಿಸಿದನು. ಪೂರ್ವಪಕ್ಷ, ಉತ್ತರಪಕ್ಷ, ತಿದ್ದುಪಡಿ, ಮತ್ತೆ ಆಕ್ಷೇಪ ಇವುಗಳ ನಡುವೆ ತಿಕ್ಕಾಡಿ ಶಾಸ್ತ್ರಕ್ಕೆ ಹೊಳಪು ಬರುತ್ತದೆ. 'ವೈಮಾನಿಕ ಶಾಸ್ತ್ರ'ವನ್ನಾದರೋ ಯಾವ ಪ್ರಾಚೀನ ಗ್ರಂಥಕಾರನೂ ಖಂಡಿಸಲಿಲ್ಲ, ಯಾರೂ ಉದಾಹರಿಸಲಿಲ್ಲ. ವಿರೋಧಿಗಳೇ ಇಲ್ಲದ ಶಾಸ್ತ್ರವನ್ನು ಕಂಡಾಗ ಪಂಡಿತನಾದವನು ಸಂತೋಷಪಡಬೇಕಾಗಿಲ್ಲ, ಸಂದೇಹಪಡಬೇಕು.

ಇದಕ್ಕಿಂತಲೂ ಮೂಲಭೂತವಾದ ವಿಷಯವೊಂದುಂಟು. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದ ಬಾಲಕನೂ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ಪ್ರಮಾಣಗಳು ಬೇರೆ ಬೇರೆಯೆಂದು ಬಲ್ಲನು. ಶಂಕರ ಭಗವತ್ಪಾದರು ಗೀತೆಯ ಹದಿನೆಂಟನೆಯ ಅಧ್ಯಾಯದ ಕೊನೆಯ ಭಾಗದ ಭಾಷ್ಯದಲ್ಲಿ ಇದನ್ನು ಎಷ್ಟು ನಿರ್ಭಯವಾಗಿ ಹೇಳಿದ್ದಾರೆಂಬುದನ್ನು ನಮ್ಮವರು ಮರೆತಂತಿದೆ. ಪ್ರತ್ಯಕ್ಷಾದಿಗಳಿಗೆ ಎಟುಕದ ವಿಷಯದಲ್ಲಿ ಮಾತ್ರ ಶ್ರುತಿಯು ಪ್ರಮಾಣ. ಬೆಂಕಿಯು ತಣ್ಣಗಿದೆಯೆಂದು ನೂರು ಶ್ರುತಿವಾಕ್ಯಗಳು ಸಾರಿದರೂ ಅವು ಪ್ರಮಾಣವಾಗಲಾರವೆಂಬುದು ಅಲ್ಲಿಯ ತಾತ್ಪರ್ಯ. ಅಪೌರುಷೇಯವಾದ ವೇದಕ್ಕೇ ಈ ಮೇರೆಯನ್ನು ಹಾಕಿದ ಆಚಾರ್ಯರು, ಒಬ್ಬ ಪುರುಷನ ಅಂತರ್ದೃಷ್ಟಿಗೆ ಮೇರೆಯಿಲ್ಲವೆಂದು ಒಪ್ಪುತ್ತಿದ್ದರೇ? ಅದೇ ಆಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಬ್ರಹ್ಮಜಿಜ್ಞಾಸೆಯು ಅನುಭವದಲ್ಲಿ ಕೊನೆಗೊಳ್ಳಬೇಕೆಂದು ಹೇಳಿದ್ದಾರೆ. ಎರಡನ್ನೂ ಒಟ್ಟಿಗೆ ಓದಬೇಕು. ಆತ್ಮವಿಷಯದಲ್ಲಿ ಅನುಭವವೇ ಕೊನೆಯ ಮಾತು. ವಿಮಾನದ ವಿಷಯದಲ್ಲಿ ವಿಮಾನವು ಹಾರುವುದೇ ಕೊನೆಯ ಮಾತು.

ಗೃಹಸ್ಥರಿಗೆಲ್ಲ ಪರಿಚಿತವಾದ ಗ್ರಹಣದ ವಿಷಯವನ್ನೇ ತೆಗೆದುಕೊಳ್ಳಬಹುದು. ಚಂದ್ರನು ಸೂರ್ಯನನ್ನೂ, ಭೂಮಿಯ ನೆರಳು ಚಂದ್ರನನ್ನೂ ಮುಚ್ಚುವುದೇ ಗ್ರಹಣವೆಂದು ಆರ್ಯಭಟನು ಸ್ಪಷ್ಟವಾಗಿ ಬರೆದನು. ರಾಹುವು ಕಾರಣನಲ್ಲವೆಂದವರನ್ನು ಬ್ರಹ್ಮಗುಪ್ತನು ವೇದಸ್ಮೃತಿಗಳಿಗೆ ಹೊರಗಾದವರೆಂದು ಜರೆದನು. ಆದರೆ ಗ್ರಹಣದ ಗಣಿತವನ್ನು ಮಾಡುವಾಗ ಅವನೂ ನೆರಳನ್ನೇ ಅಳೆದನು. ಲೆಕ್ಕಕ್ಕೆ ಕುಳಿತ ಬ್ರಹ್ಮಗುಪ್ತನು ವಾದಕ್ಕೆ ನಿಂತ ಬ್ರಹ್ಮಗುಪ್ತನಿಗಿಂತ ದೊಡ್ಡವನು. ಇಂದಿಗೂ ನಮ್ಮ ಮನೆಗಳಲ್ಲಿ ಪಂಚಾಂಗವನ್ನು ನೋಡಿ ಸ್ಪರ್ಶಮೋಕ್ಷಗಳ ಕಾಲವನ್ನು ತಿಳಿದು ಸ್ನಾನ ಮಾಡಿ ಜಪಕ್ಕೆ ಕೂರುವವರಿದ್ದಾರೆ. ಆ ಕಾಲವನ್ನು ಕೊಟ್ಟದ್ದು ನೆರಳಿನ ಗಣಿತ. ಆ ಕಾಲದಲ್ಲಿ ಮನಸ್ಸಿಗೆ ಬಂದ ಏಕಾಗ್ರತೆಯು ಜಪಿಸುವವನ ಸ್ವಂತದ್ದು. ಒಂದು ಇನ್ನೊಂದನ್ನು ನೂಕಲಿಲ್ಲ.

ಅಂತರ್ದೃಷ್ಟಿಗೆ ಭೌತವಿದ್ಯೆಗಳಲ್ಲಿ ಎಡೆಯೇ ಇಲ್ಲವೆಂದು ಇದರಿಂದ ಅರ್ಥಮಾಡಬಾರದು. ಶ್ರೀನಿವಾಸ ರಾಮಾನುಜನ್ ತಮ್ಮ ಸೂತ್ರಗಳು ನಾಮಕ್ಕಲ್ಲಿನ ನಾಮಗಿರಿ ದೇವಿಯ ಅನುಗ್ರಹದಿಂದ ಬಂದವೆಂದು ಹೇಳುತ್ತಿದ್ದರು. ೧೯೧೩ರ ಜನವರಿಯಲ್ಲಿ ಅವರು ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಆ ಸೂತ್ರಗಳನ್ನು ಬರೆದು ಕಳುಹಿಸಿದಾಗ, ಹಾರ್ಡಿ ದೇವಿಯ ವಿಚಾರವನ್ನು ಕೇಳಲಿಲ್ಲ, ಉಪಪತ್ತಿಗಳನ್ನು ಕೇಳಿದರು. ಬಹುಪಾಲು ಸೂತ್ರಗಳು ಜಗತ್ತೇ ಬೆರಗಾಗುವಂತೆ ಸತ್ಯವಾಗಿ ನಿಂತವು. ಅವಿಭಾಜ್ಯ ಸಂಖ್ಯೆಗಳನ್ನು ಕುರಿತ ಕೆಲವು ಮಾತುಗಳು ನಿಲ್ಲಲಿಲ್ಲ. ಭಕ್ತಿಯು ಅದೇ, ಭಕ್ತನೂ ಅವನೇ. ಆದರೂ ಒಂದು ನಿಂತಿತು, ಒಂದು ಬಿದ್ದಿತು. ಆದುದರಿಂದ ಅಂತರ್ದೃಷ್ಟಿಯು ಅರಿವಿನ ಹೆರಿಗೆಮನೆಯಾಗಬಲ್ಲುದು, ಅದರ ನ್ಯಾಯಸ್ಥಾನವಾಗಲಾರದು. ರಾಮಾನುಜನ್ನರ ಭಕ್ತಿಗೆ ಇದರಿಂದ ಕುಂದೇನೂ ಬರಲಿಲ್ಲ, ಏಕೆಂದರೆ ಅವರು ಅದನ್ನು ಸಾಕ್ಷಿಯಾಗಿ ಎಳೆದು ತರಲಿಲ್ಲ.

ಇನ್ನು ಎರಡನೆಯ ಗ್ರಂಥ. ಶ್ರೋಡಿಂಗರ್ ೧೯೨೬ರಲ್ಲಿ ಪರಮಾಣುವಿನ ತರಂಗಸಮೀಕರಣವನ್ನು ಕಂಡುಹಿಡಿದು ೧೯೩೩ರಲ್ಲಿ ನೊಬೆಲ್ ಬಹುಮಾನವನ್ನು ಪಡೆದವರು. ಉಪನಿಷತ್ತುಗಳನ್ನು ಆದರದಿಂದ ಓದಿದವರು. ಆದರೂ ಅವರ ಸಮೀಕರಣದಲ್ಲಿ ವೇದಾಂತದ ಒಂದಕ್ಷರವೂ ಇಲ್ಲ. ೧೯೪೩ರಲ್ಲಿ ಡಬ್ಲಿನ್ ನಗರದಲ್ಲಿ ಮಾಡಿದ ಉಪನ್ಯಾಸಗಳೇ ಮರುವರ್ಷ ಈ ಚಿಕ್ಕ ಪುಸ್ತಕವಾದುವು. ತಂದೆತಾಯಿಗಳ ಲಕ್ಷಣವನ್ನು ಮಕ್ಕಳಿಗೆ ಒಯ್ಯುವ ವಸ್ತುವು ಒಂದೇ ಮಾದರಿಯನ್ನು ಮತ್ತೆ ಮತ್ತೆ ಹೊಂದಿಸದ ವಿಲಕ್ಷಣ ಸ್ಫಟಿಕದಂತಿರಬೇಕೆಂದು ಅದರಲ್ಲಿ ಊಹಿಸಿದ್ದಾರೆ. ೧೯೫೩ರಲ್ಲಿ ಡಿ. ಎನ್. ಎ. ಎಂಬ ವಸ್ತುವಿನ ರಚನೆಯನ್ನು ಬಿಡಿಸಿದ ವಾಟ್ಸನ್ ಮತ್ತು ಕ್ರಿಕ್ ಇಬ್ಬರೂ ಈ ಪುಸ್ತಕಕ್ಕೆ ತಾವು ಋಣಿಗಳೆಂದು ಹೇಳಿಕೊಂಡಿದ್ದಾರೆ. ವಿಜ್ಞಾನದ ಮಾತೆಲ್ಲವೂ ಮುಗಿದ ಬಳಿಕ, ಕೊನೆಯಲ್ಲಿ, ಪ್ರತ್ಯೇಕವಾದ ಒಂದು ಉಪಸಂಹಾರ. ಇಲ್ಲಿಂದ ಮುಂದಿನದು ತನ್ನ ಸ್ವಂತ ನೋಟ, ಅದು ವ್ಯಕ್ತಿನಿಷ್ಠವಾದುದೇ ಸರಿ, ಎಂದು ಓದುಗನ ಅಪ್ಪಣೆ ಬೇಡಿ, ಆತ್ಮಬ್ರಹ್ಮೈಕ್ಯದ ವಿಚಾರವನ್ನು ಅಲ್ಲಿ ಎತ್ತಿಕೊಳ್ಳುತ್ತಾರೆ. ಉಪಸಂಹಾರವನ್ನು ಒಪ್ಪದವನಿಗೆ ಹಿಂದಿನ ಅಧ್ಯಾಯಗಳೇನೂ ನಷ್ಟವಾಗುವುದಿಲ್ಲ. ನಾಳೆ ಆ ಅಧ್ಯಾಯಗಳು ಹಳತಾದರೂ ಉಪಸಂಹಾರವು ಕುಸಿಯುವುದಿಲ್ಲ. ಹೊಲದ ನಡುವೆ ಬದು ಇರುವುದು ನೆರೆಹೊರೆಯವರ ಜಗಳಕ್ಕಲ್ಲ, ಸ್ನೇಹಕ್ಕೆ.

ಹಾಗೆಂದು ಆ ಉಪಸಂಹಾರವು ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ನನ್ನ ದೇಹವು ಪ್ರಕೃತಿನಿಯಮಗಳಂತೆ ಯಂತ್ರವಾಗಿ ನಡೆಯುತ್ತದೆ. ಆದರೂ ಅದನ್ನು ನಡೆಸುವವನು ನಾನೆಂಬ ಅನುಭವವು ನನಗಿದೆ. ಆದುದರಿಂದ ಪರಮಾಣುಗಳನ್ನು ನಿಯಮಾನುಸಾರವಾಗಿ ನಡೆಸುವವನೇ 'ನಾನು' ಎಂದು ಅವರು ಸಾಧಿಸುತ್ತಾರೆ. ಅದ್ವೈತಿಯು ಇದನ್ನು ತಲೆದೂಗಿ ಒಪ್ಪಿಬಿಡಬಾರದು. 'ನಾನು ನಡೆಸುತ್ತೇನೆ' ಎಂಬ ಕರ್ತೃತ್ವವೇ ಅಧ್ಯಾಸವೆಂದು ನಮ್ಮ ಆಚಾರ್ಯರ ಸಿದ್ಧಾಂತ; ಆತ್ಮನು ಸಾಕ್ಷಿ, ಕರ್ತೃವಲ್ಲ. ಅಹಂಕಾರದಿಂದ ಹೊರಟು ಒಂದೇ ನೆಗೆತಕ್ಕೆ ಬ್ರಹ್ಮವನ್ನು ಮುಟ್ಟಲು ಬರುವುದಿಲ್ಲ. ನಡುವೆ ವಿವೇಕ ವೈರಾಗ್ಯಾದಿ ಸಾಧನಗಳ ದೂರವಿದೆ. ಆ ವಿಜ್ಞಾನಿಯು ನಮ್ಮ ಉಪನಿಷತ್ತನ್ನು ಹೊಗಳಿದನೆಂದು ಹಿಗ್ಗುವವರು ಈ ಆಕ್ಷೇಪವನ್ನು ಎತ್ತುವುದಿಲ್ಲ. ಹೊಗಳಿಕೆಯೇ ಅವರಿಗೆ ಪ್ರಮಾಣ. ಇದೂ ಮೊದಲಿನ ದೋಷವೇ, ವೇಷ ಮಾತ್ರ ಬೇರೆ. ಉಪನಿಷತ್ತಿಗೆ ನೊಬೆಲ್ ಬಹುಮಾನದ ಮುದ್ರೆ ಬೇಕಾಗಿಲ್ಲ.

ಅಳತೆಗೆ ಸಿಕ್ಕದುದು ಇಲ್ಲವೆನ್ನುವ ಪಕ್ಷಕ್ಕೂ ಶ್ರೋಡಿಂಗರ್ ಅವರಲ್ಲಿಯೇ ಉತ್ತರವಿದೆ. ೧೯೫೮ರ 'ಮೈಂಡ್ ಅಂಡ್ ಮ್ಯಾಟರ್' ಎಂಬ ಪುಸ್ತಕದಲ್ಲಿ ಅವರು, ವಿಜ್ಞಾನವು ಜಗತ್ತಿನ ಚಿತ್ರವನ್ನು ಬರೆಯುವುದಕ್ಕಾಗಿ ನೋಡುವವನನ್ನು ಬೇಕೆಂದೇ ಹೊರಗೆ ನಿಲ್ಲಿಸುತ್ತದೆಯೆಂದು ವಿವರಿಸಿದ್ದಾರೆ. ಹೊರಗೆ ನಿಲ್ಲಿಸಿದವನು ಚಿತ್ರದೊಳಗೆ ಕಾಣದಿದ್ದರೆ ಅವನಿಲ್ಲವೆಂದು ಸಾಧಿಸಿದಂತಾಗುವುದಿಲ್ಲ. ದೃಕ್ಕು ಬೇರೆ, ದೃಶ್ಯ ಬೇರೆ ಎಂಬ ನಮ್ಮ ವಿವೇಕವು ಇಲ್ಲಿ ಆಧುನಿಕ ವಿಚಾರದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ವಿಜ್ಞಾನವೂ ಅಧ್ಯಾತ್ಮವೂ ಸಂಧಿಸುವ ಸ್ಥಳವೊಂದಿದ್ದರೆ ಅದು ಇದೇ: ವಿಜ್ಞಾನವು ತನ್ನ ಎಲ್ಲೆಯನ್ನು ತಾನೇ ತೋರಿಸುವ ಎಡೆ. ಅಧ್ಯಾತ್ಮವು ಅಲ್ಲಿಂದ ಮುಂದಕ್ಕೆ ತನ್ನ ದಾರಿಯನ್ನು ನಡೆಯಬೇಕು. ಹಿಂದಕ್ಕೆ ಬಂದು ವಿಜ್ಞಾನದ ಹೊಲವನ್ನು ಉಳಬಾರದು.

ಇದರಿಂದ ಯಾರಿಗೇನು ನಷ್ಟವೆಂದು ಕೆಲವರು ಕೇಳಬಹುದು. ಹಿರಿಯರನ್ನು ಹೊಗಳುವುದರಲ್ಲಿ ಕೇಡೇನು? ಕೇಡುಂಟು. 'ವೈಮಾನಿಕ ಶಾಸ್ತ್ರ'ವನ್ನು ನಂಬಿ ಬೆಳೆದ ಹುಡುಗನು ಕಾಲೇಜಿಗೆ ಹೋದ ದಿನ ಅದು ಹುಸಿಯೆಂದು ಕಾಣುವನು. ಆಗ ಅವನು ಅದೊಂದನ್ನೇ ಬಿಡುವುದಿಲ್ಲ. ಅದರ ಜೊತೆಗೆ ಆರ್ಯಭಟೀಯವನ್ನೂ ಲೀಲಾವತಿಯನ್ನೂ ಚರಕಸಂಹಿತೆಯನ್ನೂ, ಕೊನೆಗೆ ಅಜ್ಜನ ಸಂಧ್ಯಾವಂದನೆಯನ್ನೂ ಒಂದೇ ಗಂಟು ಕಟ್ಟಿ ಎಸೆಯುವನು. ಖೋಟಾ ನಾಣ್ಯವು ಚಲಾವಣೆಗೆ ಬಂದ ಪೇಟೆಯಲ್ಲಿ ಒಳ್ಳೆಯ ನಾಣ್ಯವನ್ನೂ ಜನ ಕಲ್ಲಿಗೆ ಬಡಿದು ನೋಡುತ್ತಾರೆ. ಸುಬ್ಬರಾಯ ಶಾಸ್ತ್ರಿಗಳಿಗೂ ಇದರಿಂದ ಅನ್ಯಾಯವಾಗಿದೆ. ಏಕಾಂತದಲ್ಲಿ ಒಬ್ಬ ಬಡ ಬ್ರಾಹ್ಮಣನಿಗೆ ಆದ ಅನುಭವವನ್ನು ನಕ್ಷೆಯನ್ನಾಗಿಸಿ ಗರಡಿಗೆ ಇಳಿಸಿದವರು, ಅದು ಸೋಲುವಂತೆ ತಾವೇ ಮಾಡಿದರು.

ಆದುದರಿಂದ ಅಧ್ಯಾತ್ಮವನ್ನೂ ವಿಜ್ಞಾನವನ್ನೂ ಸೇರಿಸಿ ಬರೆದ ಪುಸ್ತಕವು ಕೈಗೆ ಬಂದಾಗ ಓದುಗರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ. ಗ್ರಂಥಕಾರನು ತಾನು ಕಂಡದ್ದನ್ನೂ ತಾನು ಸಾಧಿಸಿದ್ದನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾನೆಯೇ? ಅವನ ಮಾತು ಸುಳ್ಳಾಗಿದ್ದರೆ ಅದನ್ನು ಹಿಡಿಯುವ ದಾರಿಯನ್ನು ಅವನೇ ತೋರಿಸಿದ್ದಾನೆಯೇ? ಅವನ ಅಧ್ಯಾತ್ಮವು ಅವನನ್ನು ಹೆಚ್ಚು ವಿನೀತನನ್ನಾಗಿ ಮಾಡಿದೆಯೇ, ಅಥವಾ ಹೆಚ್ಚು ಖಂಡಿತವಾದಿಯನ್ನಾಗಿ ಮಾಡಿದೆಯೇ? ಈ ಮೂರಕ್ಕೂ ಸಮಾಧಾನ ದೊರೆತ ಪುಸ್ತಕವನ್ನು ಅದು ಕಾಶಿಯಿಂದ ಬಂದಿರಲಿ, ಕೇಂಬ್ರಿಡ್ಜಿನಿಂದ ಬಂದಿರಲಿ, ಮನೆಯ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಅಲಮತಿವಿಸ್ತರೇಣ.