ಒಬ್ಬರಿಗೆಂದೇ ಬರೆದ ಗೋಡೆಗಳು

ಜನವರಿ 6ರ ಎಪಿಫನಿ ಹಬ್ಬ ಮುಗಿದ ಮೇಲೆ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಕೆಲವು ವಾರ ಬಿಡುವು. ಕ್ರಿಸ್ಮಸ್‌ಗೆ ಬಂದವರು ಹಿಂದಿರುಗಿರುತ್ತಾರೆ, ಈಸ್ಟರ್‌ನ ಜನಜಂಗುಳಿ ಇನ್ನೂ ದೂರ. ಹಗಲು 10 ಡಿಗ್ರಿ ಆಸುಪಾಸು, ರಾತ್ರಿ 2 ಡಿಗ್ರಿ. ಎಂಟಕ್ಕೆ ಸ್ವಲ್ಪ ಮೊದಲು ಸೂರ್ಯ ಮೂಡಿದರೆ ಸಂಜೆ ಐದಕ್ಕೆ ಮುಳುಗಿಯೇ ಬಿಡುತ್ತಾನೆ. ಇಷ್ಟು ಪುಟ್ಟ ಹಗಲಿಗೆ ದಿನಕ್ಕೆ ಎರಡು ಜಾಗ ಸಾಕು. ಚಿತ್ರಕಲೆಯ ಮೇಲೆ ಪ್ರೀತಿ ಇರುವವರು ಈ ಊರಿಗೆ ಈ ವಾರಗಳಲ್ಲೇ ಹೋಗಬೇಕು, ಒಬ್ಬರೇ ಹೋಗಬೇಕು. ಇಲ್ಲಿನ ಅತ್ಯುತ್ತಮ ಭಿತ್ತಿಚಿತ್ರಗಳಲ್ಲಿ ಹಲವು ಒಂದು ಗೋಡೆ, ಒಂದು ಕಿಟಕಿ, ಎದುರಿಗೆ ನಿಂತ ಒಬ್ಬ ಮನುಷ್ಯ ಎಂಬ ಲೆಕ್ಕದಲ್ಲಿ ಹುಟ್ಟಿದವು.

ಆ ಲೆಕ್ಕ ಎದ್ದು ಕಾಣುವುದು ಸಾನ್ ಮಾರ್ಕೊ ಮಠದಲ್ಲಿ. ಡೊಮಿನಿಕನ್ ಸನ್ಯಾಸಿಗಳ ಈ ಮಠವನ್ನು ನಗರದ ಸಿರಿವಂತ ಬ್ಯಾಂಕರ್ ಕೊಸಿಮೊ ದೆ ಮೆದಿಚಿಯ ಹಣದಲ್ಲಿ ಮಿಕೆಲೊಟ್ಸೊ ಎಂಬ ವಾಸ್ತುಶಿಲ್ಪಿ 1437ರಿಂದ ಹೊಸದಾಗಿ ಕಟ್ಟಿದ. ಅದೇ ಮಠದ ಸನ್ಯಾಸಿ ಫ್ರಾ ಆಂಜೆಲಿಕೊ ಸಹಾಯಕರ ಜೊತೆ ಮಹಡಿಯ ನಲವತ್ತಕ್ಕೂ ಹೆಚ್ಚು ಕೋಣೆಗಳಲ್ಲಿ ಚಿತ್ರ ಬರೆದ. ಮೆಟ್ಟಿಲು ಹತ್ತುತ್ತಿದ್ದಂತೆ ಎದುರಾಗುವುದು ಮೇರಿಗೆ ದೇವದೂತ ಶುಭವಾರ್ತೆ ಹೇಳುವ ದೊಡ್ಡ ಚಿತ್ರ. ಬಹುತೇಕರು ಅಲ್ಲಿ ಫೋಟೊ ತೆಗೆದು ಕೋಣೆಗಳ ಬಾಗಿಲಲ್ಲಿ ಇಣುಕಿ ಮುಂದೆ ಸಾಗುತ್ತಾರೆ. ನಿಲ್ಲಬೇಕಾದದ್ದು ಕೋಣೆಗಳ ಮುಂದೆ. ಸುಣ್ಣ ಬಳಿದ ಗೋಡೆ, ಕಮಾನಿನ ಸಣ್ಣ ಕಿಟಕಿ, ಅದರ ಪಕ್ಕದಲ್ಲೇ ಕಮಾನಿನ ಆಕಾರದ ಒಂದು ಚಿತ್ರ. ಒಬ್ಬನೇ ಸನ್ಯಾಸಿ ಜೀವಮಾನವಿಡೀ ನೋಡುತ್ತಿರಲಿ ಎಂದು ಬರೆದ ಚಿತ್ರವದು. ಏಳನೆಯ ಕೋಣೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತ ಕ್ರಿಸ್ತನ ಸುತ್ತ ಹೊಡೆಯುವವರ ದೇಹಗಳೇ ಇಲ್ಲ. ಗಾಳಿಯಲ್ಲಿ ತೇಲುವ ಕೈಗಳು, ಒಂದು ಕೋಲು, ಉಗುಳುತ್ತಿರುವ ಒಂದು ತಲೆ, ಅಷ್ಟೇ. ಕೆಳಗೆ ಕೂತ ಮೇರಿ ಆ ಕಡೆ ನೋಡುತ್ತಿಲ್ಲ. ಸಂತ ಡೊಮಿನಿಕ್ ಮಡಿಲಲ್ಲಿ ಪುಸ್ತಕ ತೆರೆದುಕೊಂಡು ಓದುತ್ತಿದ್ದಾನೆ. ಹಿಂಸೆಯನ್ನು ಕಣ್ಣಿಂದ ನೋಡದೆ ಮನಸ್ಸಿನಲ್ಲಿ ಕಾಣುವುದು ಹೇಗೆಂದು ಕೋಣೆಯ ನಿವಾಸಿಗೆ ತೋರಿಸಿಕೊಡುವ ಚಿತ್ರ ಇದು. ಹಿಂದೆ ಯಾರೂ ತಳ್ಳದೆ ಹತ್ತು ನಿಮಿಷ ನಿಂತರೆ ಮಾತ್ರ ಅರ್ಥ ಬಿಚ್ಚಿಕೊಳ್ಳುತ್ತದೆ.

1443ರ ಎಪಿಫನಿ ಹಬ್ಬದಂದು ಈ ಮಠದ ಇಗರ್ಜಿಯ ಪ್ರತಿಷ್ಠೆಗೆ ನಾಲ್ಕನೆಯ ಯುಜೀನ್ ಪೋಪ್ ಬಂದಿದ್ದರು. ಕನ್ನಡಿಗರಿಗೆ ಇಲ್ಲೊಂದು ಎಳೆ ಸಿಗುತ್ತದೆ. ವಿಜಯನಗರವನ್ನು ಕಂಡು ಬಂದ ವೆನಿಸ್‌ನ ವರ್ತಕ ನಿಕೊಲೊ ಕಾಂಟಿಯ ಕಥನವನ್ನು ಕೇಳಿ ಬರೆದಿಟ್ಟವನು ಇದೇ ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ. 1453ರಲ್ಲಿ ಆತ ಫ್ಲಾರೆನ್ಸ್ ಗಣರಾಜ್ಯದ ಚಾನ್ಸಲರ್ ಆದ.

ಆರ್ನೊ ನದಿ ದಾಟಿದರೆ ಕಾರ್ಮಿನೆ ಇಗರ್ಜಿಯ ಬ್ರಾಂಕಾಚಿ ಚಾಪೆಲ್. ಒಮ್ಮೆಗೆ ಕೆಲವೇ ಜನರನ್ನು, ನಿಗದಿತ ಹೊತ್ತಿಗಷ್ಟೇ ಒಳಗೆ ಬಿಡುತ್ತಾರೆ, ಮುಂಗಡ ಕಾದಿರಿಸುವುದು ಒಳ್ಳೆಯದು. 1420ರ ದಶಕದಲ್ಲಿ ಇಲ್ಲಿ ಮಸಾಚೊ ಬರೆದ ಗೋಡೆಗಳು ಮುಂದಿನ ತಲೆಮಾರುಗಳ ಚಿತ್ರಕಾರರಿಗೆ ಪಾಠಶಾಲೆಯಾದವು. ಯೌವನದಲ್ಲಿ ಮೈಕೆಲೆಂಜೆಲೊ ಕೂಡ ಇವನ್ನು ನೋಡಿ ನಕಲು ತೆಗೆದವನೇ. ಮಸಾಚೊ ಮಾತ್ರ ಇಪ್ಪತ್ತೇಳು ತುಂಬುವ ಹೊತ್ತಿಗೆ ತೀರಿಕೊಂಡಿದ್ದ. ಚಾಪೆಲ್‌ನ ನಿಜವಾದ ಕಿಟಕಿ ಇರುವ ದಿಕ್ಕಿನಿಂದಲೇ ಚಿತ್ರದೊಳಗಿನ ಬೆಳಕೂ ಬೀಳುವಂತೆ ಅವನು ಬರೆದಿದ್ದಾನೆ. ಈಡನ್ ತೋಟದಿಂದ ಹೊರಬಿದ್ದ ಆದಮನ ಹೊಟ್ಟೆಯ ಸ್ನಾಯು ಬಿಗಿದಿದೆ, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದಾನೆ. ಈವಳ ಬಾಯಿ ಗೋಳಿನಲ್ಲಿ ತೆರೆದಿದೆ. ಹದಿನೇಳನೆಯ ಶತಮಾನದಲ್ಲಿ ಈ ಇಬ್ಬರ ಮೇಲೂ ಬಳಿದಿದ್ದ ಎಲೆಗಳನ್ನು 1980ರ ದಶಕದ ಜೀರ್ಣೋದ್ಧಾರದಲ್ಲಿ ತೆಗೆದರು. ಬಲಿಪೀಠದ ಪಕ್ಕದ ಗೋಡೆಯಲ್ಲಿ ಸಂತ ಪೀಟರ್ ಬೀದಿಯಲ್ಲಿ ನಡೆಯುತ್ತಾನೆ, ಅವನ ನೆರಳು ತಾಕಿದ ರೋಗಿಗಳು ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ನೆರಳನ್ನೇ ಪವಾಡ ಮಾಡಿದ ಚಿತ್ರಕಾರ ಬೆಳಕಿನ ದಿಕ್ಕಿಗೆ ಅಷ್ಟು ನಿಷ್ಠನಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ಭಿತ್ತಿಚಿತ್ರಕ್ಕೆ ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಬೇಕಾದ್ದರಿಂದ ದಿನದ ಕೆಲಸಕ್ಕೆ ಬೇಕಾದಷ್ಟೇ ಗಾರೆ ಮೆತ್ತುತ್ತಿದ್ದರು. ಓರೆಯಾಗಿ ನಿಂತು ನೋಡಿದರೆ ಒಂದು ದಿನದ ಗಾರೆ ಇನ್ನೊಂದಕ್ಕೆ ಸೇರಿದ ಅಂಚು ಕೆಲವು ಕಡೆ ಕಾಣುತ್ತದೆ.

ಉಫಿಜಿ ಚಿತ್ರಶಾಲೆಗೂ ಮೈಕೆಲೆಂಜೆಲೊನ ಡೇವಿಡ್ ನಿಂತಿರುವ ಅಕಾಡೆಮಿಯಾಗೂ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ, ಆದರೆ ಊರಿಗೆ ಊರೇ ಬರುವ ಆ ದಿನ ಒಂಟಿ ನೋಡುಗರಿಗಲ್ಲ. ಉಫಿಜಿಯ ಸಂಗ್ರಹ ಚದುರದೆ ಉಳಿದದ್ದು ಒಬ್ಬ ಹೆಣ್ಣುಮಗಳಿಂದ. ನಗರವನ್ನು ಆಳಿದ ಮೆದಿಚಿ ವಂಶದ ಕೊನೆಯ ಕುಡಿ ಆನಾ ಮಾರಿಯಾ ಲುಯಿಸಾ 1737ರ ಒಪ್ಪಂದದಲ್ಲಿ, ಮನೆತನದ ಕಲಾಸಂಪತ್ತು ನಗರ ಬಿಟ್ಟು ಹೋಗಕೂಡದೆಂದು ಹೊಸ ದೊರೆಗಳಿಂದ ಬರೆಸಿಕೊಂಡಳು. ಅವಳ ಹೆಸರನ್ನು ಇನ್ನಷ್ಟು ಜನ ತಿಳಿದಿರಬೇಕಿತ್ತು.

ಚಳಿ ಬೀದಿಗಿಂತ ಇಗರ್ಜಿಗಳ ಒಳಗೇ ಹೆಚ್ಚು. ಕಲ್ಲು ನೆಲದ ಥಂಡಿ ಅಂಗಾಲಿನಿಂದ ಏರುತ್ತದೆ, ಆದ್ದರಿಂದ ಕೋಟಿಗಿಂತ ದಪ್ಪ ಅಟ್ಟೆಯ ಬೂಟಿಗೆ ಹೆಚ್ಚು ಗಮನ ಕೊಡಬೇಕು. ಹಲವು ಇಗರ್ಜಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಅದು ಊಟದ ಹೊತ್ತು, ಚಳಿಗಾಲದ ಊಟ ಎಂದರೆ ರಿಬೊಲ್ಲಿತಾ. ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು. ಹಳಸಲು ಬ್ರೆಡ್ಡು, ಬಿಳಿ ಹುರುಳಿಕಾಯಿ ಬೀಜ, ಕಪ್ಪು ಎಲೆಕೋಸು ಹಾಕಿ ಮಾಡಿದ ಗಟ್ಟಿ ಸಾರು ಇದು. ಇಬ್ಬನಿ ಹೆಪ್ಪುಗಟ್ಟುವ ಚಳಿ ತಾಕಿದ ಮೇಲೆ ಈ ಕೋಸಿನ ಎಲೆ ಸಿಹಿಯಾಗುತ್ತದೆ. ಮರುದಿನ ಬಿಸಿ ಮಾಡಿದ ಹುಳಿಯ ರುಚಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ನವೆಂಬರಿನಲ್ಲಿ ಗಾಣದಿಂದ ಬಂದ ಹೊಸ ಆಲಿವ್ ಎಣ್ಣೆ ಸುರಿಯುತ್ತಾರೆ, ಗಂಟಲಲ್ಲಿ ಸ್ವಲ್ಪ ಕಾರ ಹಿಡಿಯುವ ಹಸಿರು ಎಣ್ಣೆ. ಸಸ್ಯಾಹಾರಿಗಳು ಮಾಂಸದ ರಸ ಸೇರಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿಯುವುದು ಅಲ್ಲಿನ ವಾಡಿಕೆ, ಕೂತರೆ ದರ ಹೆಚ್ಚು. ಒಬ್ಬರೇ ಬಂದವರಿಗೆ ಮೇಜು ಹುಡುಕುವ ಮುಜುಗರವೂ ಇಲ್ಲ.

ಸಂಜೆಗೆ ನದಿಯ ದಕ್ಷಿಣದ ಗುಡ್ಡದ ಮೇಲಿನ ಸಾನ್ ಮಿನಿಯಾತೊ. 1018ರಲ್ಲಿ ಆರಂಭವಾದ ಈ ಇಗರ್ಜಿಯ ನೆಲದಲ್ಲಿ 1207ರ ಕಾಲದ ರಾಶಿಚಕ್ರವನ್ನು ಅಮೃತಶಿಲೆಯಲ್ಲಿ ಕೆತ್ತಿ ಕೂಡಿಸಿದ್ದಾರೆ. ಮುಂಭಾಗದ ಬಿಳಿ, ಹಸಿರು ಕಲ್ಲಿಗೆ ಇಳಿಬಿಸಿಲು ತಾಕುವ ಹೊತ್ತಿಗೆ ಕೆಳಗೆ ನಗರದ ಮಹಾ ಇಗರ್ಜಿಗೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟ ಮಂಜಿನಿಂದ ಮೇಲೆದ್ದಿರುತ್ತದೆ. ಇಲ್ಲಿ ಇಂದಿಗೂ ಬೆನೆಡಿಕ್ಟಿನ್ ಸನ್ಯಾಸಿಗಳಿದ್ದಾರೆ. ಸಂಜೆಯ ಪ್ರಾರ್ಥನೆಯಲ್ಲಿ ಅವರು ಗ್ರೆಗೋರಿಯನ್ ಪಠಣ ಮಾಡುತ್ತಾರೆ, ಸಮಯವನ್ನು ಬಾಗಿಲ ಬಳಿ ನೋಡಿಕೊಳ್ಳಬಹುದು. ಮುಗಿಯುವಷ್ಟರಲ್ಲಿ ಹೊರಗೆ ಪೂರ್ತಿ ಕತ್ತಲು. ಇಳಿಜಾರಿನ ಮೆಟ್ಟಿಲುಗಳು ಸಾನ್ ನಿಕೊಲೊ ಬಡಾವಣೆಯತ್ತ ಇಳಿಯುತ್ತವೆ, ಅಲ್ಲಿಂದ ನದಿಯ ದಂಡೆ ಹಿಡಿದರೆ ಪೊಂತೆ ವೆಕ್ಕಿಯೊ ಸೇತುವೆಗೆ ಕಾಲು ಗಂಟೆಯ ದಾರಿ.