ಅರದ ಗುರುತಿರುವ ಕೊಡಲಿ

ಹಳೆಯ ಐಸ್ ಆಕ್ಸ್‌ಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕಾರ್ಖಾನೆಯಿಂದ ಬಂದಂತೆಯೇ ಉಳಿದ ಕೊಡಲಿಯಲ್ಲ, ಯಾರೋ ಆರೋಹಿ ಮನೆಯಲ್ಲಿ ಅರ ಹಾಕಿ ತಿದ್ದಿಕೊಂಡ ಕೊಡಲಿ. ‘ಕೆಡಿಸಿಬಿಟ್ಟಿದ್ದಾರೆ’ ಎಂದು ಅದನ್ನು ಬದಿಗಿಡುವ ಸಂಗ್ರಾಹಕರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ.

ಹಿಂದೆ ಈ ಕೊಡಲಿ ಇದ್ದದ್ದು ಮುಖ್ಯವಾಗಿ ಮಂಜುಗಡ್ಡೆಯಲ್ಲಿ ಮೆಟ್ಟಿಲು ಕಡಿಯಲು. ಉದ್ದನೆಯ ಮರದ ಕಾವು, ಒಂದು ಕಡೆ ಬಾಚಿ, ಇನ್ನೊಂದು ಕಡೆ ಹೆಚ್ಚುಕಡಿಮೆ ನೆಟ್ಟಗಿನ ಕೊಕ್ಕು. ಕಡಿದಾದ ಮಂಜಿನ ಗೋಡೆಗೆ ಅದನ್ನು ಬೀಸಿ ಜೋತುಬಿದ್ದರೆ ಸರಕ್ಕನೆ ಕಿತ್ತು ಬರುತ್ತಿತ್ತು. ಕಾರಣ, ಬೀಸುವ ಕೈ ಕಮಾನಿನಂತೆ ಸಾಗುತ್ತದೆ. ಕೊಕ್ಕೂ ಅದೇ ಕಮಾನಿಗೆ ಬಾಗಿರಬೇಕು. 1966ರಲ್ಲಿ ಆಲ್ಪ್ಸ್‌ಗೆ ಹೋದ ಅಮೆರಿಕದ ಆರೋಹಿ ಇವಾನ್ ಶುನಾರ್ಡ್, ಫ್ರಾನ್ಸಿನ ಶಾರ್ಲೆ ಕಾರ್ಖಾನೆಯವರನ್ನು ಒಪ್ಪಿಸಿ 55 ಸೆಂ.ಮೀ. ಉದ್ದದ, ಬಾಗಿದ ಕೊಕ್ಕಿನ ಕೊಡಲಿ ಮಾಡಿಸಿದರು. ಸ್ಕಾಟ್ಲೆಂಡಿನ ಆರೋಹಿ ಹ್ಯಾಮಿಷ್ ಮ್ಯಾಕಿನ್ನೆಸ್ ತಮ್ಮ ‘ಟೆರರ್‌ಡ್ಯಾಕ್ಟಿಲ್’ ಕೊಡಲಿಯಲ್ಲಿ ಕೊಕ್ಕನ್ನು ಕಡಿದಾಗಿ ಕೆಳಕ್ಕಿಳಿಸಿದರು.

ಹೊಸದು ಕೊಳ್ಳಲಾಗದವರು ಇದ್ದುದನ್ನೇ ತಿದ್ದಿಕೊಂಡರು. ಕಾವನ್ನು ಮೊಟಕು ಮಾಡಿದರು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದರು, ಕೊಕ್ಕಿನ ಅಡಿಗೆ ಹಲ್ಲು ಕೊರೆದರು.

ಈ ಹಲ್ಲುಗಳನ್ನು ಹತ್ತಿರದಿಂದ ನೋಡಬೇಕು. ಒಳ್ಳೆಯ ಕೈಯ ಕೆಲಸವಾದರೆ ಪ್ರತಿ ಹಲ್ಲೂ ಕಾವಿನ ಕಡೆಗೆ ವಾಲಿರುತ್ತದೆ, ಜೋತುಬಿದ್ದಾಗ ಮಂಜನ್ನು ಕಚ್ಚಲೆಂದು. ಹಲ್ಲುಗಳ ನಡುವಿನ ಸಂದು ಗುಂಡು ಅರದಿಂದ ದುಂಡಗಾಗಿರುತ್ತದೆ. ಸಂದು ಚೂಪಾಗಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಆಳಕ್ಕೆ ಕೊರೆದಷ್ಟೂ ಕೊಕ್ಕು ಬಡವಾಗುತ್ತದೆ. ಬಲ್ಲವರು ಇದನ್ನರಿತು ಮೇಲುಮೇಲಕ್ಕೇ ನಿಲ್ಲಿಸಿದ್ದಾರೆ. ಆ ಸಂಯಮ ಕಂಡರೆ ನನಗೆ ಗೌರವ ಉಕ್ಕುತ್ತದೆ.

ಬೆಂಕಿಯ ಕೆಲಸ ಬೇರೆಯೇ. ನೆಟ್ಟಗಿನ ಕೊಕ್ಕನ್ನು ಕೆಂಪಗೆ ಕಾಯಿಸಿ ಬಗ್ಗಿಸಿದವರಿದ್ದಾರೆ. ಕೆಂಪಗೆ ಕಾದ ಉಕ್ಕಿನ ಹದ ಅಲ್ಲಿಗೇ ಹೋಯಿತು. ಹಾಗೇ ಆರಿದರೆ ಮೆತ್ತಗಾಗಿ ಬಾಗುತ್ತದೆ. ನೀರಿಗದ್ದಿ ಬಿಟ್ಟರೆ ಪೆಡಸಾಗಿ ಮುರಿಯುತ್ತದೆ. ಮತ್ತೆ ಹದ ಕೊಡಲು ನುರಿತ ಕಮ್ಮಾರನೇ ಬೇಕು. ವಿದ್ಯುತ್ ಸಾಣೆಯೂ ಅಪಾಯದ್ದೇ: ತೆಳ್ಳಗಿನ ತುದಿ ಕ್ಷಣದಲ್ಲಿ ಕಾದು ನೀಲಿಯಾಗಿ ಹದಗೆಡುತ್ತದೆ. ತಾಳ್ಮೆಯಿಂದ ಕೈಯಲ್ಲೇ ಅರ ಹಾಕುವುದು ಲೇಸು.

ಇಂಥ ಕೊಡಲಿ ಸಿಕ್ಕರೆ ಅರದ ಗೆರೆ ಅಳಿಸಿ ಹೊಳಪು ತರಲು ಹೋಗಬೇಡಿ. ಕಾವಿಗೆ ಅಗಸೆಯೆಣ್ಣೆ, ಉಕ್ಕಿಗೆ ತೆಳ್ಳಗೆ ಮೆಷಿನ್ ಎಣ್ಣೆ ಸಾಕು. ಕಾವಿನಲ್ಲಿ ಮರದ ಎಳೆ ತುದಿಯಿಂದ ತುದಿಗೆ ಓಡದೆ ಪಕ್ಕಕ್ಕೆ ಹೊರಬಿದ್ದಿದ್ದರೆ ಅದನ್ನು ನಂಬಿ ಗೋಡೆ ಹತ್ತಬೇಡಿ.